ಬಿರುಕಿನ ಲೆಕ್ಕ

ಕಲ್ಲನ್ನು ಯಂತ್ರಕ್ಕಿಡುವ ಮೊದಲು ತಟ್ಟಿ ಕೇಳಬೇಕೆಂದು ನನಗೆ ಕಲಿಸಿದವರು ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಪ್ರಯೋಗಾಲಯದಲ್ಲಿದ್ದ ಒಬ್ಬ ಹಿರಿಯ ಸಹಾಯಕರು. ಅವರ ತಂದೆ, ತಾತ ಇಬ್ಬರೂ ಗಣಿಯಲ್ಲಿ ದುಡಿದವರು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ನನ್ನೊಂದಿಗೆ ಕೋಲಾರದ ಕನ್ನಡ. ಕೋರ್ ತುಂಡನ್ನು, ಅಂದರೆ ಬಂಡೆಯಿಂದ ಕೊರೆದು ತೆಗೆದ ಕಲ್ಲಿನ ಕೋಲನ್ನು, ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಕಿವಿಯ ಹತ್ತಿರ ತರುತ್ತಿದ್ದರು. ಠಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆಲ್ಲೋ ಬಿರುಕು. “ಒಡೆದಿರೋದು ಕಣ್ಣಿಗೆ ಕಾಣಲ್ಲ ಮೇಡಂ, ಕಿವಿಗೆ ಗೊತ್ತಾಗುತ್ತೆ” ಎನ್ನುತ್ತಿದ್ದರು. ಎಂ.ಎಸ್ಸಿ.ಯಲ್ಲಿ ನಾನು ಓದಿದ್ದು ಖನಿಜಗಳ ಹೆಸರು, ಶಿಲೆಗಳ ವಯಸ್ಸು, ನಕಾಶೆಯ ಬಣ್ಣಗಳು. ಒಂದು ಕಲ್ಲಿನ ಬಗ್ಗೆ ಮೊದಲು ಕೇಳಬೇಕಾದದ್ದು ಅದು ಎಲ್ಲಿ ಒಡೆದಿದೆ ಎಂಬುದನ್ನು ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ನಾನು ಬೆಂಗಳೂರಿನ ಹೊರವಲಯದ ಸೋಲದೇವನಹಳ್ಳಿಯವಳು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಭೂವಿಜ್ಞಾನ ಓದಿ, 1990ರ ದಶಕದ ನಡುವಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಕೆಜಿಎಫ್‌ಗೆ ಹೋದೆ. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ 1988ರಲ್ಲಿ ಅಲ್ಲೇ ಶುರುವಾಗಿತ್ತು. ಅದು ಅಲ್ಲಿ ಹುಟ್ಟಲು ಕಾರಣವಿತ್ತು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು; ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ದಾಟುತ್ತದೆ, ಮೇಲಿನ ಭಾರಕ್ಕೆ ಗೋಡೆಯ ಕಲ್ಲು ಮುನ್ಸೂಚನೆಯಿಲ್ಲದೆ ಸಿಡಿಯುತ್ತದೆ. ಗಣಿಯವರು ಅದನ್ನು ಹಿಂದಿನಿಂದಲೂ ಏರ್‌ಬ್ಲಾಸ್ಟ್ ಎಂದೇ ಕರೆಯುತ್ತಿದ್ದರು. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಡುವ ರೈಲಿನಲ್ಲಿ ಕೂತರೆ ಪಕ್ಕದವರ ಮಾತಿನಲ್ಲಿ ಒಮ್ಮೆಯಾದರೂ ಆ ಪದ ಬರುತ್ತಿತ್ತು. ಯಾರದೋ ಅಣ್ಣ, ಯಾರದೋ ಮಾವ, ಯಾವುದೋ ವರ್ಷ.

ಆದರೆ ನಾನು ಕೆಲಸಕ್ಕಾಗಿ ಗಣಿಯೊಳಕ್ಕೆ ಇಳಿಯುವಂತಿರಲಿಲ್ಲ. 1952ರ ಗಣಿ ಕಾಯ್ದೆಯ 46ನೇ ಕಲಂ ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ನೇಮಿಸಿಕೊಳ್ಳುವುದನ್ನು ನಿಷೇಧಿಸಿತ್ತು. ಆ ನಿಷೇಧ ಸ್ವಲ್ಪವಾದರೂ ಸಡಿಲಗೊಂಡದ್ದು 2019ರಲ್ಲಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ, ಅದೂ ಹಗಲಿನ ಪಾಳಿಗೆ. ಹಾಗಾಗಿ ನನ್ನ ಸಹೋದ್ಯೋಗಿಗಳು ಬೆಳಿಗ್ಗೆ ಹೆಲ್ಮೆಟ್ ತೊಟ್ಟು ಶಾಫ್ಟ್ ಕಡೆಗೆ ನಡೆದರೆ ನಾನು ಲ್ಯಾಬ್ ಕಡೆಗೆ ನಡೆಯುತ್ತಿದ್ದೆ. ಕೆಳಗಿನ ಲೋಕ ನನ್ನ ಹತ್ತಿರ ಬರುತ್ತಿದ್ದದ್ದು ಕೋರ್ ಬಾಕ್ಸ್‌ಗಳಲ್ಲಿ: ಉದ್ದುದ್ದ ಪೆಟ್ಟಿಗೆ, ಅದರಲ್ಲಿ ಸಾಲುಸಾಲಾಗಿ ಮಲಗಿಸಿದ ಕಲ್ಲಿನ ಕೋಲುಗಳು, ಅಂಚಿನಲ್ಲಿ ಪೇಂಟಿನಿಂದ ಬರೆದ ಆಳ. ಆ ನಿಷೇಧ ನ್ಯಾಯವಾದದ್ದೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಹಾಗಿದ್ದರೂ, ಕೈಗೆ ಸಿಕ್ಕ ತುಂಡನ್ನು ಬಿಟ್ಟು ಬೇರೇನೂ ನೋಡಲಾಗದ ಆ ವರ್ಷಗಳಲ್ಲೇ ನನ್ನ ಕಣ್ಣು ಹರಿತವಾಯಿತು.

ಕೋರ್ ಪರೀಕ್ಷೆ ಬಹಳ ಶಿಸ್ತಿನ ಕೆಲಸ. 54 ಮಿಲಿಮೀಟರ್ ವ್ಯಾಸದ ಕೋರ್ ಆದರೆ ಅದರ ಉದ್ದ ವ್ಯಾಸದ ಎರಡೂವರೆ ಪಟ್ಟಾದರೂ ಇರಬೇಕು. ವಜ್ರದ ಬ್ಲೇಡಿನ ಗರಗಸದಲ್ಲಿ ನೀರು ಬಿಡುತ್ತಾ ಕೊಯ್ಯಬೇಕು. ಆಮೇಲೆ ಎರಡೂ ತುದಿಗಳನ್ನು ಉಜ್ಜಿ ಉಜ್ಜಿ ಸಮ ಮಾಡಬೇಕು. ಅಂತರರಾಷ್ಟ್ರೀಯ ರಾಕ್ ಮೆಕ್ಯಾನಿಕ್ಸ್ ಸಂಘದ ವಿಧಾನದ ಪ್ರಕಾರ ಉಬ್ಬುತಗ್ಗು 0.02 ಮಿಲಿಮೀಟರ್ ಮೀರಬಾರದು. ತುದಿ ಒಂದಿಷ್ಟು ಓರೆಯಾದರೂ ಭಾರವೆಲ್ಲ ಒಂದೇ ಅಂಚಿಗೆ ಬಿದ್ದು, ಕಲ್ಲು ತನ್ನ ಶಕ್ತಿ ತೋರಿಸುವ ಮೊದಲೇ ಒಡೆಯುತ್ತದೆ. 105 ಡಿಗ್ರಿ ಒಲೆಯಲ್ಲಿ ಒಣಗಿಸಿ ತೂಗುವುದು, ನಿರ್ವಾತದಲ್ಲಿ ನೀರು ಕುಡಿಸಿ ಮತ್ತೆ ತೂಗುವುದು, ಎರಡು ತೂಕಗಳ ವ್ಯತ್ಯಾಸದಲ್ಲಿ ಅದರೊಳಗಿನ ಖಾಲಿ ಜಾಗವನ್ನು ಕಂಡುಹಿಡಿಯುವುದು. ಒಳ್ಳೆಯ ಗ್ರಾನೈಟಿನಲ್ಲಿ ಆ ಖಾಲಿ ಜಾಗ ನೂರಕ್ಕೆ ಒಂದು ಭಾಗವೂ ಇರುವುದಿಲ್ಲ.

ಆಮೇಲೆ ಯಂತ್ರ. 150 ಮೆಗಾಪಾಸ್ಕಲ್ ತಡೆಯುವ ಕಲ್ಲು ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ತೆಳುವಾದ ಆ ಕೋಲಿನ ಮೇಲೆ ಸುಮಾರು 35 ಟನ್ ಭಾರ. ನಿಧಾನಕ್ಕೆ, ಐದರಿಂದ ಹತ್ತು ನಿಮಿಷದಲ್ಲಿ ಕಲ್ಲು ಸೋಲುವ ಹಾಗೆ ಒತ್ತಡ ಏರಿಸಬೇಕು. ಒಡೆಯುವುದಕ್ಕೆ ಬಹಳ ಮೊದಲೇ ಒಳಗೆ ಚಿಟಿಚಿಟಿ ಶುರುವಾಗುತ್ತದೆ. ಕೂದಲೆಳೆಗಿಂತ ಸಣ್ಣ ಬಿರುಕುಗಳು ಹುಟ್ಟಿ, ಒಂದನ್ನೊಂದು ಹುಡುಕಿ ಸೇರುವ ಸದ್ದು. ಕಿವಿಗೆ ಕೇಳದ್ದನ್ನು ಕಲ್ಲಿಗೆ ಅಂಟಿಸಿದ ಸೆನ್ಸರ್ ಹಿಡಿಯುತ್ತದೆ. ಕೊನೆಗೆ ಒಮ್ಮೆಲೇ ಸ್ಫೋಟ, ಗಾಜಿನ ಕವಚದೊಳಗೆ ಪುಡಿ. ನಾನು ಆ ಸ್ಫೋಟಕ್ಕಿಂತ ಅದರ ಹಿಂದಿನ ಐದು ನಿಮಿಷವನ್ನು ಪ್ರೀತಿಸಿದೆ. ಕಲ್ಲನ್ನು ಒತ್ತಿದರೆ 150 ತಾಳುತ್ತದೆ, ಎಳೆದರೆ ಅದರ ಹತ್ತನೇ ಒಂದು ಭಾಗಕ್ಕೇ ಹರಿದುಹೋಗುತ್ತದೆ. ಬಂಡೆಯ ಕಥೆಯೆಲ್ಲ ಈ ವ್ಯತ್ಯಾಸದಲ್ಲಿದೆ. ತುಂಬ ಆಳದ, ತುಂಬ ಒತ್ತಡದ ಜಾಗದಿಂದ ತೆಗೆದ ಕೋರ್ ಕೆಲವೊಮ್ಮೆ ಕೋಲಾಗಿ ಬರುವುದೇ ಇಲ್ಲ. ಬಿಗಿತ ಕಳಚಿದ್ದೇ ತಡ ತಾನೇ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿಕೊಂಡು ಬರುತ್ತದೆ.

ಗಣಿಯವರಿಗೆ ಬೇಕಿದ್ದದ್ದು ಕಲ್ಲಿನ ಬಲ. ನನ್ನ ಮನಸ್ಸು ಹೋಗುತ್ತಿದ್ದದ್ದು ಬಿರುಕಿನಲ್ಲಿ ನೀರು ಹೇಗೆ ಓಡಾಡುತ್ತದೆ ಎಂಬುದರ ಕಡೆಗೆ. ಅದಕ್ಕೆ ನಾನು ಬೆಳೆದ ಊರೇ ಕಾರಣ. ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಕೆರೆ ಕಟ್ಟಿಸಿ, ಬೆಂಗಳೂರಿಗೆ ಮೊದಲ ಬಾರಿಗೆ ದೂರದಿಂದ ನೀರು ತರುವ ಯೋಜನೆ ಸಿದ್ಧವಾದದ್ದು 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲಕ್ಕೆ. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ನಮ್ಮ ಸೋಲದೇವನಹಳ್ಳಿಯವರೆಗೆ ಹರಿದು ಬರುತ್ತಿತ್ತು. ಇಲ್ಲಿಂದ ಮುಂದೆ ಏರು. ಆವಿ ಯಂತ್ರದ ಪಂಪುಗಳು ಅದನ್ನು ಚಿಮಣಿ ಹಿಲ್ಸ್‌ಗೆ ಎತ್ತಿದರೆ, ಅಲ್ಲಿಂದ ಮತ್ತೆ ಇಳಿಜಾರಿನಲ್ಲಿ ಮಲ್ಲೇಶ್ವರದ ಕಡೆಗೆ. ಆವಿ ಹೋಗಿ ಕರೆಂಟು ಬಂದು ಎಷ್ಟೋ ಕಾಲವಾದ ಮೇಲೆ ನಮ್ಮಪ್ಪ ಆ ಪಂಪ್‌ಹೌಸ್‌ನಲ್ಲಿ ಕೆಲಸಕ್ಕಿದ್ದರು. ಎಲ್ಲಿ ನೀರು ತಾನೇ ಹರಿಯುತ್ತದೆ, ಎಲ್ಲಿ ಅದನ್ನು ಎತ್ತಬೇಕಾಗುತ್ತದೆ, ಎತ್ತುವುದಕ್ಕೆ ಎಷ್ಟು ಖರ್ಚು ಎಂಬುದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತು. ಹಿತ್ತಲಿನ ತೆರೆದ ಬಾವಿಯ ಗೋಡೆಯಲ್ಲಿ ಒಂದು ಸೀಳಿತ್ತು. ಮಳೆಗಾಲ ಮುಗಿದು ಎಷ್ಟೋ ದಿನದ ಮೇಲೂ ಆ ಸೀಳಿನಿಂದ ನೀರು ಜಿನುಗುತ್ತಿತ್ತು, ಅದರ ಎರಡು ಮಗ್ಗುಲ ಬಂಡೆ ಮಾತ್ರ ಖಟ್ಟನೆ ಒಣಗಿರುತ್ತಿತ್ತು.

ಲ್ಯಾಬಿನಲ್ಲಿ ಆ ಸೀಳನ್ನು ನಾನು ಮತ್ತೆ ಕಂಡದ್ದು ಹೋಕ್ ಸೆಲ್ ಎಂಬ ದಪ್ಪ ಉಕ್ಕಿನ ಉರುಳೆಯೊಳಗೆ. ಕೋರ್‌ಗೆ ರಬ್ಬರಿನ ತೋಳು ತೊಡಿಸಿ ಒಳಗಿಟ್ಟು, ಸುತ್ತ ಎಣ್ಣೆಯ ಒತ್ತಡ ಕೊಡುತ್ತಾರೆ. ನೆಲದ ಆಳದಲ್ಲಿ ಅಕ್ಕಪಕ್ಕದ ಬಂಡೆ ಕೊಡುವ ಬಿಗಿತದ ಬದಲಿಗೆ ಇದು. ಒಂದು ತುದಿಯಿಂದ ನೀರನ್ನು ನೂಕಿದರೆ ಇನ್ನೊಂದು ತುದಿಯ ಅಳತೆಯ ಕೊಳವೆಯಲ್ಲಿ ಏನು ಬರುತ್ತದೆ ನೋಡಬೇಕು. ಬಿರುಕಿಲ್ಲದ ಗ್ರಾನೈಟ್ ಆದರೆ ಏನೂ ಬರುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೂ ಇಲ್ಲ, ಸಂಜೆಯೂ ಇಲ್ಲ. ಇಂಥ ಕಲ್ಲನ್ನು ಅಳೆಯಲು ನೀರು ಬರುವುದನ್ನು ಕಾಯುತ್ತಾ ಕೂರುವುದು ವ್ಯರ್ಥವೆಂದು ಬ್ರೇಸ್ ಮತ್ತು ಅವರ ಜೊತೆಗಾರರು 1968ರಲ್ಲೇ ತೋರಿಸಿದ್ದರು: ಒಂದು ತುದಿಯಲ್ಲಿ ಒತ್ತಡವನ್ನು ಥಟ್ಟನೆ ಏರಿಸಿ, ಅದು ಎಷ್ಟು ನಿಧಾನಕ್ಕೆ ಇಳಿಯುತ್ತದೆ ಎಂಬುದನ್ನು ನೋಡಿ ಲೆಕ್ಕ ಹಾಕುವುದು ಅವರ ಉಪಾಯ.

ಅದೇ ಕೋರ್‌ನ ನಡುವೆ ಉದ್ದಕ್ಕೆ ಒಂದು ಸೀಳು ಬಿಡಿಸಿ, ಎರಡು ಹೋಳನ್ನು ಮತ್ತೆ ಜೋಡಿಸಿ ಒಳಗಿಟ್ಟರೆ ಚಿತ್ರವೇ ಬದಲು. ನೀರು ಹನಿಯುವುದಿಲ್ಲ, ಹರಿಯುತ್ತದೆ. ಸುತ್ತಲಿನ ಬಿಗಿತ ಏರಿಸುತ್ತಾ ಹೋದರೆ ಹರಿವು ಕುಗ್ಗುತ್ತಾ ಬರುತ್ತದೆ, ಆದರೆ ಒಂದೇ ಸಮನೆ ಅಲ್ಲ. ಮೊದಮೊದಲು ದಡದಡನೆ, ಆಮೇಲೆ ಎಳೆದಾಡುತ್ತಾ. ಬೀಸುವ ಕಲ್ಲಿನ ಎರಡು ಬಿಲ್ಲೆಗಳಂತೆ ಬಿರುಕಿನ ಮುಖಗಳು ಒರಟು. ಉಬ್ಬುಗಳು ಒಂದಕ್ಕೊಂದು ತಾಗಿ ನಿಂತು, ತಗ್ಗುಗಳಲ್ಲಿ ಮಾತ್ರ ನೀರಿಗೆ ದಾರಿ ಉಳಿಯುತ್ತದೆ. ಬಿಗಿತ ಮತ್ತೆ ಸಡಿಲಿಸಿದರೆ ಹರಿವು ಮೊದಲಿನಷ್ಟಕ್ಕೆ ಮರಳುವುದಿಲ್ಲ. ಉಬ್ಬುಗಳ ತುದಿ ಜಜ್ಜಿರುತ್ತದೆ, ಪುಡಿ ದಾರಿಗೆ ಸೇರಿರುತ್ತದೆ. ಒಮ್ಮೆ ಮುಚ್ಚಿಕೊಂಡ ಬಿರುಕು ಪೂರ್ತಿಯಾಗಿ ತೆರೆಯುವುದಿಲ್ಲ ಎಂಬುದನ್ನು ನಾನು ಗ್ರಾಫ್ ಹಾಳೆಯ ಮೇಲೆ ನನ್ನ ಕೈಯಾರೆ ಬರೆದೆ.

ಇದರ ಹಿಂದಿನ ಲೆಕ್ಕ ಸರಳ. ಬಿರುಕಿನಲ್ಲಿ ಹರಿಯುವ ನೀರು ಬಿರುಕಿನ ಅಗಲದ ಘನಕ್ಕೆ ತಕ್ಕಂತೆ ಇರುತ್ತದೆ. ಅಗಲ ಅರ್ಧವಾದರೆ ನೀರು ಎಂಟನೇ ಒಂದು ಭಾಗ. ಒಂದು ಮಿಲಿಮೀಟರ್ ಅಗಲದ ಒಂದೇ ಬಿರುಕು ಸಾಗಿಸುವಷ್ಟು ನೀರನ್ನು ಅದರ ಹತ್ತನೇ ಒಂದರಷ್ಟು ಅಗಲದ ಬಿರುಕುಗಳು ಸಾಗಿಸಬೇಕಾದರೆ ಅಂಥವು ಸಾವಿರ ಬೇಕು. ಹೀಗಾಗಿ ಒಂದು ಬೆಟ್ಟದ ನೀರೆಲ್ಲ ಅದರ ಎರಡೋ ಮೂರೋ ಬಿರುಕುಗಳ ಕೈಯಲ್ಲಿರುತ್ತದೆ. ಸರಾಸರಿ ಎಂಬುದಕ್ಕೆ ಇಲ್ಲಿ ಅರ್ಥವಿಲ್ಲ. ನನ್ನ ಮೇಜಿನ ಮೇಲಿನ ಅಂಗೈಯಗಲದ ಕಲ್ಲನ್ನು ಎಷ್ಟೇ ನಿಖರವಾಗಿ ಅಳೆದರೂ ಅದು ಆ ಎರಡು ಮೂರು ಬಿರುಕುಗಳ ಬಗ್ಗೆ ಏನೂ ಹೇಳಲಾರದು. ಅದಕ್ಕೇ ಸ್ಥಳದಲ್ಲೇ ಬೋರ್‌ನ ಒಂದೊಂದು ತುಂಡನ್ನು ರಬ್ಬರ್ ಪ್ಯಾಕರ್‌ಗಳಿಂದ ಮುಚ್ಚಿ, 10 ಬಾರ್ ಒತ್ತಡದಲ್ಲಿ ನೀರು ನೂಕಿ ನೋಡುವ ಲ್ಯೂಜಾನ್ ಪರೀಕ್ಷೆ ಬೇಕಾಗುತ್ತದೆ. ಮೀಟರ್ ಉದ್ದಕ್ಕೆ, ನಿಮಿಷಕ್ಕೆ ಒಂದು ಲೀಟರ್ ಒಳಗೆ ಹೋದರೆ ಅದು ಒಂದು ಲ್ಯೂಜಾನ್. ಲ್ಯಾಬು, ಸ್ಥಳ ಎರಡೂ ಪರಸ್ಪರ ಮಾತಾಡದೆ ಈ ವಿದ್ಯೆಯಲ್ಲಿ ಯಾವ ಅಂಕಿಯೂ ಹುಟ್ಟುವುದಿಲ್ಲ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅದರ ನೋವಿನ ಬಗ್ಗೆ ಕೆಜಿಎಫ್‌ನವರೇ ಬರೆದಿದ್ದಾರೆ, ಬರೆಯಬೇಕಾದವರೂ ಅವರೇ. ನಾನು ಹೇಳಬಹುದಾದದ್ದು ಆಮೇಲಿನ ಒಂದು ಸಂಗತಿ. ಗಣಿಯ ನೀರೆತ್ತುತ್ತಿದ್ದ ಪಂಪು ನಿಂತ ಮೇಲೆ ಆ ನೂರಾರು ಕಿಲೋಮೀಟರ್ ಸುರಂಗಗಳಲ್ಲಿ ನೀರು ಮೇಲೇರತೊಡಗಿತು, ಅದರ ಜೊತೆಗೆ ಭೂಮಿ ಅಲ್ಲಲ್ಲಿ ನಡುಗತೊಡಗಿತು. ಕಲ್ಲು ತೆಗೆಯುವುದೇ ನಿಂತ ಮೇಲೆ ಇನ್ನೇತರ ನಡುಕ ಎಂದು ಜನ ಗಾಬರಿಯಾದರು. ಬಿರುಕಿನೊಳಗೆ ಹೊಕ್ಕ ನೀರು ಅದರ ಎರಡು ಮುಖಗಳನ್ನು ಒತ್ತಿ ಹಿಡಿದಿದ್ದ ಬಿಗಿತವನ್ನು ಕಡಿಮೆ ಮಾಡುತ್ತದೆ, ಕಚ್ಚಿ ನಿಂತಿದ್ದ ಮುಖಗಳು ಜಾರುತ್ತವೆ. ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರಿನಲ್ಲಿ ಜಲಾಶಯದ ಬಳಿ ಆದ ಭೂಕಂಪದ ಹಿಂದೆಯೂ ಇಂಥದೇ ಕಾರಣವನ್ನು ವಿಜ್ಞಾನಿಗಳು ಹೇಳುತ್ತಾರೆ. ನೀರನ್ನು ಬರೀ ಕಲ್ಲಿನೊಳಗೆ ಹಾದುಹೋಗುವ ಅತಿಥಿ ಎಂದು ತಿಳಿಯಬಾರದು. ಕಲ್ಲು ನಿಲ್ಲುವುದೋ ಜಾರುವುದೋ ಎಂಬುದನ್ನೂ ಅದು ತೀರ್ಮಾನಿಸುತ್ತದೆ.

ನಾನು ಊರಿಗೆ ಮರಳಿ, ಪೀಣ್ಯದ ಒಂದು ಖಾಸಗಿ ಪರೀಕ್ಷಾಲಯಕ್ಕೆ ಸೇರಿದೆ. ಕಾಂಕ್ರೀಟ್ ಕ್ಯೂಬುಗಳು, ಮೇಲ್ಸೇತುವೆಯ ಅಡಿಪಾಯದ ಕಲ್ಲು, ಮೆಟ್ರೋ ಕಾಮಗಾರಿಯ ಕೋರ್. ಹೊಟ್ಟೆಪಾಡಿನ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 2010ರ ಆಸುಪಾಸಿನಲ್ಲಿ ಕರಾವಳಿಯಿಂದ ಕೋರ್ ಬಾಕ್ಸ್‌ಗಳು ಬಂದಾಗ ಮಾತ್ರ ನನ್ನ ಹಳೆಯ ಆಸೆ ಎದ್ದು ಕೂತಿತು.

ಆಗ ದೇಶ ಕಚ್ಚಾ ತೈಲವನ್ನು ನೆಲದಡಿ ಕೂಡಿಡುವ ಕೆಲಸಕ್ಕೆ ಕೈಹಾಕಿತ್ತು. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ತೈಲಕ್ಕೆ ಪರದಾಡಿದ ನೆನಪು ದೆಹಲಿಗೆ ಇತ್ತು. 2004ರಲ್ಲಿ ಇಂಡಿಯನ್ ಸ್ಟ್ರಾಟೆಜಿಕ್ ಪೆಟ್ರೋಲಿಯಂ ರಿಸರ್ವ್ಸ್ ಎಂಬ ಕಂಪನಿ ಹುಟ್ಟಿತು. ಮೊದಲ ಹಂತಕ್ಕೆ ಆಯ್ದ ಮೂರು ಜಾಗ: ವಿಶಾಖಪಟ್ಟಣ, ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು. ಕ್ರಮವಾಗಿ 13.3 ಲಕ್ಷ, 15 ಲಕ್ಷ, 25 ಲಕ್ಷ ಟನ್. ಒಟ್ಟು 53.3 ಲಕ್ಷ ಟನ್. ಅದರಲ್ಲಿ ನಾಲ್ಕನೇ ಮೂರು ಭಾಗ ನಮ್ಮ ಕರಾವಳಿಯ ಬಂಡೆಯಲ್ಲಿ ಕೊರೆದ ಗುಹೆಗಳಲ್ಲಿ. ಪೂರ್ತಿ ತುಂಬಿದರೆ ದೇಶದ ಸುಮಾರು 9.5 ದಿನದ ಬಳಕೆಗೆ ಸಾಲುತ್ತದೆ ಎಂಬುದು ಸರ್ಕಾರದ ಲೆಕ್ಕ. ಈ ಗುಹೆಗಳಿಗೆ ಉಕ್ಕಿನ ತೊಟ್ಟಿಯಿಲ್ಲ, ಒಳಗೆ ಸುತ್ತ ಕಾಂಕ್ರೀಟಿನ ಪಾತ್ರೆಯೂ ಇಲ್ಲ. ಬಂಡೆಯನ್ನು ಕೊರೆದು, ಬೋಲ್ಟ್ ಹೊಡೆದು, ಗೋಡೆಗೆ ಕಾಂಕ್ರೀಟ್ ಚಿಮುಕಿಸಿ ಭದ್ರ ಮಾಡಿ, ಸುಮಾರು 20 ಮೀಟರ್ ಅಗಲ, 30 ಮೀಟರ್ ಎತ್ತರದ ಆ ಖಾಲಿಗೆ ಎಣ್ಣೆಯನ್ನು ನೇರವಾಗಿ ಬಿಡುತ್ತಾರೆ.

ಇದನ್ನು ಯಾರಿಗೇ ಹೇಳಲಿ, ಮೊದಲು ಬರುವ ಪ್ರಶ್ನೆ ಒಂದೇ: ಸೋರುವುದಿಲ್ಲವೇ? ನಮ್ಮಪ್ಪನೂ ಅದನ್ನೇ ಕೇಳಿದರು. ಸೋರುತ್ತದೆ ಅಪ್ಪ, ಆದರೆ ಹೊರಗಿನಿಂದ ಒಳಕ್ಕೆ ಎಂದೆ. ಗುಹೆಯನ್ನು ಅಂತರ್ಜಲದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಕೊರೆಯುತ್ತಾರೆ. ಸುತ್ತಲಿನ ಬಿರುಕುಗಳಲ್ಲಿ ನಿಂತ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಯಾವಾಗಲೂ ಹೆಚ್ಚಿರಬೇಕು. ಆಗ ಪ್ರತಿಯೊಂದು ಬಿರುಕಿನಲ್ಲೂ ನೀರೇ ಒಳಕ್ಕೆ ಜಿನುಗುತ್ತದೆ. ಎಣ್ಣೆಗೆ ಹೊರದಾರಿ ಸಿಗುವುದಿಲ್ಲ. ಒಳಬಂದ ನೀರು ಎಣ್ಣೆಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ಅದನ್ನು ಪಂಪಿನಿಂದ ತೆಗೆದು ಶುದ್ಧಿ ಮಾಡುತ್ತಾರೆ. ಸ್ವೀಡನ್ನಿನವರು ತಮ್ಮ ಗ್ರಾನೈಟಿನಲ್ಲಿ ದಶಕಗಳ ಹಿಂದೆಯೇ ಬೆಳೆಸಿದ ವಿದ್ಯೆ ಇದು. ಪಂಪ್‌ಹೌಸಿನಲ್ಲಿ ಜೀವಮಾನ ಕಳೆದ ಅಪ್ಪ ಅದನ್ನು ಒಂದು ಗಳಿಗೆ ಯೋಚಿಸಿ, “ಹಂಗಾದ್ರೆ ಕಾವಲಿರೋದು ನೀರು, ಕಲ್ಲಲ್ಲ” ಎಂದರು. ನಾನು ಓದಿದ ಯಾವ ವರದಿಯೂ ಅದನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅನಿಲವಾದರೆ ಒತ್ತಡ ಇನ್ನೂ ಹೆಚ್ಚು, ಹಾಗಾಗಿ ಗುಹೆ ಇನ್ನೂ ಆಳಕ್ಕೆ ಹೋಗಬೇಕು. ನೀರಿನ ಕಂಬ 10 ಮೀಟರ್ ಇದ್ದರೆ ಒಂದು ಬಾರ್. ಮಂಗಳೂರಿನಲ್ಲಿ ತೈಲ ಕಂಪನಿ ಎಚ್‌ಪಿಸಿಎಲ್‌ನವರ 80,000 ಟನ್‌ನ ಎಲ್‌ಪಿಜಿ ಗುಹೆಯ ಆಳಕ್ಕೂ ಇದೇ ಕಾರಣ.

ಕರಾವಳಿಯ ಮಳೆಯೊಂದನ್ನೇ ನಂಬಿದರೆ ಬೇಸಿಗೆಯಲ್ಲಿ ಕಾವಲು ತಪ್ಪೀತು. ಅದಕ್ಕಾಗಿ ಗುಹೆಯ ನೆತ್ತಿಗಿಂತ ಮೇಲೆ ಬೇರೆ ಸಣ್ಣ ಸುರಂಗಗಳನ್ನು ತೋಡಿ, ಅವುಗಳಿಂದ ಸಾಲಾಗಿ ಬೋರ್‌ಗಳನ್ನು ಹೊಡೆದು, ಅವುಗಳಲ್ಲಿ ಸದಾ ಒತ್ತಡದ ನೀರು ತುಂಬಿಡುತ್ತಾರೆ. ನೀರಿನ ಪರದೆ ಎನ್ನುತ್ತಾರೆ. ನನ್ನನ್ನು ಬಹಳ ಕಾಡಿದ ಸಂಗತಿ ಇದರಲ್ಲೇ ಇದೆ. ಕೆಳಗೆ ಗುಹೆ ಅಗೆಯುವ ಮೊದಲೇ ಮೇಲಿನ ಪರದೆಗೆ ನೀರು ತುಂಬಿರಬೇಕು. ಅಗೆತದ ವೇಳೆ ಬಂಡೆಯ ಬಿರುಕುಗಳು ಸ್ವಲ್ಪ ಕಾಲವೂ ಬರಿದಾಗಬಾರದು. ಒಮ್ಮೆ ನೀರು ಇಳಿದುಹೋಗಿ ಗಾಳಿ ಹೊಕ್ಕಿತೆಂದರೆ ಆ ಬಿರುಕಿನಲ್ಲಿ ಗುಳ್ಳೆಗಳು ಸಿಕ್ಕಿಕೊಂಡು ಮತ್ತೆ ನೀರು ತುಂಬುವುದು ಬಹಳ ಕಷ್ಟ. ಹಾಗಾಗಿ ಎಲ್ಲಿ ನೀರು ಹೆಚ್ಚು ಸುರಿಯುತ್ತದೋ ಅಲ್ಲಿ ಮುಂಚೆಯೇ ಸಿಮೆಂಟ್ ಗ್ರೌಟ್ ತುಂಬಿ ದಾರಿ ಕಿರಿದು ಮಾಡುತ್ತಾರೆ. ಪೂರ್ತಿ ಮುಚ್ಚುವಂತೆಯೂ ಇಲ್ಲ, ಪೂರ್ತಿ ಬಿಡುವಂತೆಯೂ ಇಲ್ಲ.

ಆ ಕೋರ್‌ಗಳನ್ನು ಪರೀಕ್ಷಿಸಿದ್ದರಿಂದಲೇ ನನಗೆ ಪಾದೂರಿನ ಗುಹೆ ನೋಡುವ ಅವಕಾಶ ಸಿಕ್ಕಿತು. ಅದು ಗಣಿಯಲ್ಲ, ನಿರ್ಮಾಣ ಕಾಮಗಾರಿ. ಹೆಣ್ಣೆಂದು ಯಾರೂ ತಡೆಯಲಿಲ್ಲ. ಮೇಲೆ ಕೆಂಪು ಮುರಕಲ್ಲು, ಗೇರು ಮರ. ಇಳಿಜಾರು ಸುರಂಗದಲ್ಲಿ ಜೀಪು ಕೆಳಗಿಳಿದಂತೆ ಕೆಂಪು ಮುಗಿದು ಬೂದು ನೈಸ್ ಶಿಲೆ ಶುರು. ವರ್ಷಗಟ್ಟಲೆ ಕೋಲುಕೋಲಾಗಿ ನೋಡಿದ ಬಂಡೆ ಮೂವತ್ತು ಮೀಟರ್ ಎತ್ತರದ ಗೋಡೆಯಾಗಿ ಎದುರು ನಿಂತಿತ್ತು. ನನ್ನ ಕಣ್ಣು ತುಂಬಿತು, ಅದನ್ನು ಬರೆಯಲು ಸಂಕೋಚವಿಲ್ಲ. ಗೋಡೆಯುದ್ದಕ್ಕೂ ಬಿಳಿಯ ಕ್ಯಾಲ್ಸೈಟ್ ತುಂಬಿದ ಬಿರುಕು, ಹಸಿರು ಕ್ಲೋರೈಟ್ ಹಚ್ಚಿಕೊಂಡ ಬಿರುಕು, ಜೇಡಿ ತುಂಬಿದ್ದು, ಏನೂ ತುಂಬದೆ ನೀರು ಜಿನುಗುವುದು. ಪ್ರತಿ ಸ್ಫೋಟದ ನಂತರ ಅಲ್ಲಿನ ಭೂವಿಜ್ಞಾನಿ ಬಂದು ಒಂದೊಂದು ಬಿರುಕಿನ ದಿಕ್ಕು, ಓರೆ, ಒರಟುತನ, ತೇವವನ್ನು ಬರೆದುಕೊಂಡ ಮೇಲೆಯೇ ಮುಂದಿನ ಕೆಲಸ. ಮೇಲಿನ ನೀರಿನ ಸುರಂಗದಲ್ಲಿ ಪ್ರತಿ ಬೋರ್‌ಗೂ ಒಂದು ಮೀಟರ್. ಒಬ್ಬ ಹುಡುಗಿ, ಆಗಷ್ಟೇ ಡಿಗ್ರಿ ಮುಗಿಸಿದವಳು, ಅವುಗಳ ಒತ್ತಡವನ್ನು ಪುಸ್ತಕಕ್ಕೆ ಏರಿಸುತ್ತಿದ್ದಳು. ಒಂದು ಬೋರ್‌ನ ಒತ್ತಡ ಕೊಂಚ ಇಳಿದಿದ್ದಕ್ಕೆ ಅವಳು ಮೇಲಿನವರಿಗೆ ಫೋನ್ ಮಾಡಿದ್ದನ್ನು ನಾನೇ ಕೇಳಿದೆ. ಮಂಗಳೂರಿನ ಸಂಗ್ರಹ 2016ರಲ್ಲಿ, ಪಾದೂರಿನದು 2018ರಲ್ಲಿ ಕೆಲಸಕ್ಕೆ ಬಂದವು. ಈಗ ನಾನು ನಿಂತಿದ್ದ ಜಾಗ ಎಣ್ಣೆಯ ತಳದಲ್ಲಿದೆ.

ನಾನು ಪಾದೂರಿಗೆ ಹೋಗಿಬಂದ ಬೇಸಿಗೆಯಲ್ಲೇ ಸೋಲದೇವನಹಳ್ಳಿಯಲ್ಲಿ ನಮ್ಮಣ್ಣ ಹೊಸ ಬೋರ್ ಹೊಡೆಸಿದ. ಹಿತ್ತಲ ಬಾವಿ ಬತ್ತಿ ಎಷ್ಟೋ ಕಾಲವಾಗಿತ್ತು, ಹಳೆಯ ಬೋರ್ ಕೆಸರು ಕಾರುತ್ತಿತ್ತು. ಕಾಲೇಜುಗಳು, ಹಾಸ್ಟೆಲ್‌ಗಳು, ಬಡಾವಣೆಗಳು ಬಂದು ಸುತ್ತ ಎಲ್ಲರೂ ಅದೇ ಬಂಡೆಯಿಂದ ಎತ್ತುತ್ತಿದ್ದರು. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು ಜಾಗ ತೋರಿಸಿದರು. ತಿರುಚೆಂಗೋಡಿನ ಬೋರ್ ಲಾರಿ ರಾತ್ರಿ ಬಂತು. ಮೊದಲು ಕೆಮ್ಮಣ್ಣು, ಆಮೇಲೆ ಕೊಳೆತ ಮೆತುಬಂಡೆ, ಅಲ್ಲಿಯವರೆಗೆ ಕೇಸಿಂಗ್, ಆಮೇಲೆ ಬರೀ ಬೂದು ಪುಡಿ. ನಡುವೆ ಎರಡು ಕಡೆ ಪುಡಿ ಕಂದುಬಣ್ಣಕ್ಕೆ ತಿರುಗಿತು. ನೀರು ಓಡಾಡಿ ಕಬ್ಬಿಣದ ತುಕ್ಕು ಹಿಡಿದ ಬಿರುಕಿನ ಗುರುತು ಅದು. ಆ ಪುಡಿ ಬೂಟ್ಸಿಗೆ ಸಿಕ್ಕಿ ಚರಂಡಿಗೆ ಹೋಯಿತು. ಯಾರೂ ಅಡಿ ಬರೆದುಕೊಳ್ಳಲಿಲ್ಲ. 1,100 ಅಡಿಗೆ ನಿಲ್ಲಿಸಿದಾಗ ಲೆಕ್ಕವಾದದ್ದು ಅಡಿಗೆಷ್ಟು ರೂಪಾಯಿ, ಎಷ್ಟು ಇಂಚು ನೀರು ಎಂಬುದು ಮಾತ್ರ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಣ್ಣೆ ಕಾಯುವುದಕ್ಕಾಗಿ ಒಂದು ಬೆಟ್ಟದ ಒಂದೊಂದು ಬಿರುಕನ್ನೂ ಹೆಸರಿಟ್ಟು ಅಳೆದಿದ್ದೆವು. ಅದು ಒಣಗದಂತೆ ಹಗಲೂ ರಾತ್ರಿ ನೋಡಿಕೊಳ್ಳುತ್ತಿದ್ದೆವು. ಅದು ಸರಿಯಾದ ಕೆಲಸವೇ. ಆದರೆ ಮನುಷ್ಯರು ಕುಡಿಯುವ ನೀರಿರುವ ಬಂಡೆಗೆ ಅದರಲ್ಲಿ ಹತ್ತನೇ ಒಂದರಷ್ಟು ಗಮನವನ್ನೂ ನಾವು ಕೊಡುತ್ತಿರಲಿಲ್ಲ. ಹೋಕ್ ಸೆಲ್‌ನಲ್ಲಿ ಕಂಡದ್ದು ಇಲ್ಲಿಯೂ ನಿಜ. ಆಳಕ್ಕೆ ಹೋದಷ್ಟೂ ಬಿಗಿತ ಹೆಚ್ಚು, ಬಿರುಕು ಕಿರಿದು, ಕಿರಿದಾದ ಅಗಲದ ಘನದಷ್ಟು ನೀರು ಕಡಿಮೆ. ಸಾವಿರ ಅಡಿಯಲ್ಲೂ ಒಳ್ಳೆಯ ಬಿರುಕು ಸಿಗಬಹುದು, ಸಿಕ್ಕವರೂ ಇದ್ದಾರೆ; ಆದರೆ ಅಲ್ಲಿಗೆ ಮಳೆಯ ನೀರು ತಲುಪುವುದು ಬಹಳ ನಿಧಾನ. ಮೇಲಿನ ಕೊಳೆತ ಬಂಡೆಯ ಪದರ ನಮ್ಮ ನಿಜವಾದ ತೊಟ್ಟಿ. ಅದನ್ನು ಬರಿದು ಮಾಡಿ ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ನಾವು ಹುಡುಕುತ್ತಿದ್ದೇವೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿವೆ ಎಂದು ಸರ್ಕಾರವೇ ಹೇಳಿತು. ಅಷ್ಟೂ ಬೋರ್‌ಗಳ ಪುಡಿಯನ್ನು ಹತ್ತು ಅಡಿಗೊಮ್ಮೆ ಚೀಲದಲ್ಲಿ ಕಟ್ಟಿಟ್ಟಿದ್ದರೆ ಇವತ್ತು ಈ ನಗರದ ಅಡಿಯ ಬಿರುಕುಗಳ ನಕಾಶೆ ನಮ್ಮ ಕೈಯಲ್ಲಿರುತ್ತಿತ್ತು.

ಅಂತರ್ಜಲಕ್ಕೆ ಸಂಬಂಧಿಸಿದ 2011ರ ಕರ್ನಾಟಕ ಕಾಯ್ದೆಯ ಅಡಿ ಬೋರ್‌ವೆಲ್‌ಗೆ ಅನುಮತಿ, ನೋಂದಣಿ ಎಂಬ ವ್ಯವಸ್ಥೆ ಬಂದಿದೆ. ಅದರ ಜೊತೆಗೆ ಪುಡಿಯ ದಾಖಲೆಯನ್ನೂ ಕಡ್ಡಾಯ ಮಾಡಬೇಕೆಂಬುದು ನನ್ನ ವಾದ. ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಕೆಲಸದಿಂದ ಬಿಡುಗಡೆಯಾದ ಮೇಲೆ ನಾನು ಸುಮ್ಮನೆ ಕಾಯಲಿಲ್ಲ. ಊರಿನಲ್ಲಿ ಬೋರ್ ಲಾರಿ ಬಂದ ಸುದ್ದಿ ಕಿವಿಗೆ ಬಿದ್ದರೆ ಹೋಗುತ್ತೇನೆ. ರಿಗ್‌ನ ಹುಡುಗರು ಮೊದಮೊದಲು ಬೇಸರ ಮಾಡಿಕೊಳ್ಳುತ್ತಿದ್ದರು, ಈಗ “ಅಮ್ಮಾ, ಎಷ್ಟಡಿಗೆ ಬಣ್ಣ ಬದಲಾಯಿತು ಗೊತ್ತಾ” ಎಂದು ಅವರೇ ಹೇಳುತ್ತಾರೆ. ಇಲ್ಲಿನ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಜೊತೆಗೂಡಿದ್ದಾರೆ. ಬತ್ತಿದ ಬೋರ್‌ಗಳ ಬಾಯಿಗೆ ಮಕ್ಕಳು ಬೀಳದಂತೆ ಬೀಗದ ಮುಚ್ಚಳ ಹಾಕಿಸಿ, ಅದರಲ್ಲಿ ಟೇಪ್ ಇಳಿಸುವಷ್ಟು ರಂಧ್ರ ಬಿಟ್ಟಿದ್ದೇವೆ. ಒಂದು ಬೋರ್ ನೀರು ಕೊಡುವುದನ್ನು ನಿಲ್ಲಿಸಿದ ಮೇಲೂ ಸುತ್ತಲಿನ ಬಂಡೆಯ ಮಟ್ಟವನ್ನು ತೋರಿಸುತ್ತಿರುತ್ತದೆ. ಬೆಂಗಳೂರಿಗೆ ದಾಖಲೆಯ ಮಳೆ ಸುರಿದ 2022ರಲ್ಲಿ ನಮ್ಮ ಹಳೆಯ ತೆರೆದ ಬಾವಿಗೆ ಕೆಲವೇ ವಾರಗಳಲ್ಲಿ ನೀರು ಬಂತು. ಆಳದ ಬೋರ್‌ನಲ್ಲಿ ಮಟ್ಟ ಏರಲು ತಿಂಗಳುಗಳೇ ಹಿಡಿದವು. ಆದರೆ ಇಳಿದದ್ದೂ ಅಷ್ಟೇ ನಿಧಾನವಾಗಿ. ಮೇಲಿನ ಪದರಕ್ಕೂ ಕೆಳಗಿನ ಬಿರುಕಿಗೂ ಎಲ್ಲೋ ಒಂದು ಕಿರಿದಾದ ಕೊಂಡಿ ಇದೆ ಎಂದು ಅದರಿಂದ ಗೊತ್ತಾಯಿತು. ಆ ಕೊಂಡಿ ಎಲ್ಲಿದೆ ಎಂದು ತಿಳಿದರೆ ಇಂಗುಬಾವಿಯನ್ನು ಎಲ್ಲಿ ತೋಡಬೇಕೆಂದು ಹೇಳಬಹುದು. ಚಿಕ್ಕಬಾಣಾವರ ಕೆರೆಯ ಬದಿಯಲ್ಲಿ ಇನ್ನೂ ಎರಡು ಬೋರ್‌ಗಳನ್ನು ಅಳತೆಗೆ ಸೇರಿಸಿಕೊಳ್ಳಬೇಕಿದೆ. ಜಮೀನಿನವರು ಒಪ್ಪಿದ್ದಾರೆ, ಮುಚ್ಚಳದ ಕೆಲಸ ಬೆಸುಗೆಯವರ ಅಂಗಡಿಯಲ್ಲಿ ನಡೆಯುತ್ತಿದೆ.